ಗಂಧಕದ ವಾಸನೆ

ಅಮ್ಮ ಹೆದರದ ವಸ್ತು ಜಗತ್ತಿನಲ್ಲಿ ಏನಾದರೂ ಇದ್ದರೆ ಅದು ಉಪ್ಪು ಮಾತ್ರ ಎಂದು ತಮ್ಮ ಹೇಳುತ್ತಿದ್ದ. ರಕ್ತದೊತ್ತಡ ಬಂದ ಮೇಲೆ ಉಪ್ಪಿಗೂ ಹೆದರತೊಡಗಿದಳು. ಲಿಫ್ಟು, ಹಲ್ಲಿ, ಕುಕ್ಕರಿನ ಸೀಟಿ, ಗುರುತಿಲ್ಲದ ನಂಬರಿನಿಂದ ಬರುವ ಕರೆ, ಗುರುತಿರುವ ನಂಬರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆ, ಎಲ್ಲದಕ್ಕೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಕಾರಿನಲ್ಲಿ ಕೂತರಂತೂ ಮುಗಿಯಿತು. ಹಿಂದಿನ ಸೀಟಿನಲ್ಲಿ ಎಡಗಡೆ ಕೂತು, ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಾ, ‘ನಿಧಾನಕ್ಕೆ ಕಣೋ, ಲಾರಿ’ ಎನ್ನುತ್ತಿದ್ದಳು. ಲಾರಿ ಇನ್ನೂ ಅಲ್ಲೆಲ್ಲೋ ಕಣ್ಣಳತೆಯ ತುದಿಯಲ್ಲಿ ಇರುತ್ತಿತ್ತು. ಕೆಲವೊಮ್ಮೆ ಇರುತ್ತಲೇ ಇರಲಿಲ್ಲ.

ಇಂಥ ಅಮ್ಮನ ಮುಂದೆ ತಮ್ಮ ಒಂದು ದಿನ ಊಟಕ್ಕೆ ಕೂತವನು, ಕಾರಿಗೆ ನೈಟ್ರಸ್ ಹಾಕಿಸುತ್ತೇನೆ ಎಂದ.

ತಮ್ಮನದು ಚಕ್ರಗಳ ಅಲೈನ್‌ಮೆಂಟ್ ಮಾಡುವ ಅಂಗಡಿ. ದಿನವಿಡೀ ಪರರ ಕಾರುಗಳನ್ನು ನೆಟ್ಟಗೆ ಓಡುವಂತೆ ಮಾಡಿ, ಸಂಜೆ ತನ್ನ ಬೂದು ಬಣ್ಣದ ಪುಟ್ಟ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸುತ್ತಿದ್ದ. ಊರಾಚೆ ಪಾಳುಬಿದ್ದ ವಿಮಾನದ ಓಡುದಾರಿಯಲ್ಲಿ, ಅನುಮತಿ ಪಡೆದು, ಭಾನುವಾರ ಬೆಳಗ್ಗೆ ಇಬ್ಬಿಬ್ಬರು ಕಾರುಗಳನ್ನು ಜೋಡಿಯಾಗಿ ಓಡಿಸುತ್ತಾರೆ. ಅಲ್ಲಿ ತಮ್ಮ ಪ್ರತಿ ಸಲವೂ ಒಬ್ಬ ಪೇಂಟರನ ಕಾರಿಗೆ ಒಂದು ಮೂಗಿನಷ್ಟು ಅಂತರದಿಂದ ಸೋಲುತ್ತಿದ್ದ. ಗಾಡಿಗೆ ಬಣ್ಣ ಹೊಡೆಯುವವನೊಬ್ಬ ತನ್ನ ಮುಂದೆ ಹೋಗುವುದು ಅವನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

“ಅಕ್ಕನ ಆಸ್ಪತ್ರೇಲಿ ಜನರ ಮೂಗಿಗೆ ಇಡೋದೂ ಅದೇ ಗ್ಯಾಸೇ ತಾನೆ?” ಎಂದ ತಮ್ಮ.

“ಅವರನ್ನ ಓಡಿಸೋಕಲ್ಲಪ್ಪ, ಮಲಗಿಸೋಕೆ,” ಎಂದಳು ಅಕ್ಕ.

ಅಕ್ಕ ಓದಿದ್ದು ರಸಾಯನಶಾಸ್ತ್ರ. ಈಗ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಯ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ನೈಟ್ರಸ್ ಆಕ್ಸೈಡ್ ಎಂದರೆ ಏನು, ಅದು ಇಂಜಿನ್ನಿನೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಇಂಜಿನ್ನು ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನಷ್ಟೇ ಉರಿಸಬಲ್ಲದು. ಈ ಅನಿಲ ಬಿಸಿಯಲ್ಲಿ ಒಡೆದು ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಆಗ ಹೆಚ್ಚು ಪೆಟ್ರೋಲು ಉರಿಯುತ್ತದೆ. ಗುಂಡಿ ಒತ್ತಿರುವಷ್ಟು ಹೊತ್ತು ಪುಟ್ಟ ಕಾರಿಗೆ ದೊಡ್ಡ ಕಾರಿನ ಎದೆ ಬರುತ್ತದೆ. ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವಳು ಬಾಯಿಗೆತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು.

ಏಕೆಂದರೆ ಆ ಗ್ಯಾಸು ಒಳಗೆ ಹೋದವರ ಮುಖವನ್ನು ಅವಳು ದಿನವೂ ನೋಡುತ್ತಿದ್ದಳು. ಮೇಜಿನ ಮೇಲೆ ಮಲಗಿದವರು ಮೊದಲು ಅವಳ ಕೈಯನ್ನು ಹಿಚುಕಿ ಹಿಡಿದಿರುತ್ತಾರೆ. ನಾಲ್ಕಾರು ಉಸಿರು. ಕೈ ಸಡಿಲವಾಗುತ್ತದೆ. ಹುಬ್ಬಿನ ಗಂಟು ಬಿಚ್ಚಿಕೊಳ್ಳುತ್ತದೆ. ಕೆಲವರು ನಗುತ್ತಾರೆ. ನೋವು, ಎಚ್ಚರ, ನೆನಪು ಎಲ್ಲಕ್ಕಿಂತ ಮೊದಲು ಮನುಷ್ಯನನ್ನು ಬಿಟ್ಟು ಹೋಗುವುದು ಭಯ. “ಹೆದರಿಕೆ ಹೋಯ್ತು ಅಂದ್ರೆ ಗ್ಯಾಸ್ ತಲುಪ್ತು ಅಂತ ಲೆಕ್ಕ,” ಎನ್ನುತ್ತಿದ್ದರು ಅರಿವಳಿಕೆ ಕೊಡುವ ಅವಳ ಡಾಕ್ಟರಮ್ಮ.

ಅಮ್ಮ ತಟ್ಟೆಯನ್ನು ದೂರ ಸರಿಸಿದಳು. “ಬಾಟ್ಲು ಸಿಡಿದ್ರೆ?”

“ಸಿಡಿಯಲ್ಲಮ್ಮ. ನೀನೊಬ್ಬಳು ಭಯದ ಅಂಗಡಿ.”

“ನನಗೆ ನಿನ್ನ ಮಾತಿನ ಮೇಲೆ ನಂಬಿಕೆ ಇಲ್ಲ. ಅಕ್ಕ ಬಂದು ನೋಡ್ಲಿ. ಅವಳು ನೋಡಿ ಆರಿಸಿಕೊಟ್ರೆ ಹಾಕಿಸ್ಕೋ. ಇಲ್ಲಾಂದ್ರೆ ಆ ಕಾರಲ್ಲಿ ನಾನು ಕಾಲಿಡಲ್ಲ.”

ಹೀಗೆ ಅಮ್ಮ ತನ್ನ ಭಯದ ಗಂಟನ್ನು ಮಗಳ ತಲೆಗೆ ಹೊರಿಸಿ, ನಿಶ್ಚಿಂತೆಯಿಂದ ಮಜ್ಜಿಗೆ ಬಡಿಸಿಕೊಂಡಳು. ಅಕ್ಕ ಬೇಡ ಎನ್ನಬಹುದಿತ್ತು. ಆದರೆ ತಮ್ಮನನ್ನು ಅವಳು ಎತ್ತಿ ಆಡಿಸಿದವಳು. ಬೇಡವೆಂದರೆ ಕದ್ದು ಹಾಕಿಸುತ್ತಾನೆ, ಕದ್ದು ಹಾಕಿಸಿದರೆ ಅಗ್ಗದ್ದನ್ನು ಹಾಕಿಸುತ್ತಾನೆ. ತಾನು ಜೊತೆಗಿದ್ದರೆ ಸರಿಯಾದದ್ದನ್ನಾದರೂ ಆರಿಸಬಹುದು ಎಂದುಕೊಂಡಳು.

ಅಂಗಡಿಯವನನ್ನು ಎಲ್ಲರೂ ಬುಸ್ಸಣ್ಣ ಎನ್ನುತ್ತಿದ್ದರು. ಬಂದ ಗಿರಾಕಿಗೆ ಮೊದಲು ಒಂದು ಸಲ ಬುಸ್ಸೆಂದು ಗ್ಯಾಸು ಬಿಟ್ಟು ತೋರಿಸದೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಉದ್ದನೆಯ ಕಿರಿದಾದ ಅಂಗಡಿ. ಒಂದು ಗೋಡೆಗೆ ಸೈಲೆನ್ಸರುಗಳು ಜೋತುಬಿದ್ದಿದ್ದವು, ಇನ್ನೊಂದಕ್ಕೆ ಹೆಣೆದ ಉಕ್ಕಿನ ಕೊಳವೆಗಳು. ಗಾಜಿನ ಪೆಟ್ಟಿಗೆಯೊಳಗೆ ಬಟ್ಟೆ ಹಾಸಿ, ಕಿವಿಯೋಲೆಗಳ ಹಾಗೆ ಸಣ್ಣ ಸಣ್ಣ ಹಿತ್ತಾಳೆಯ ಜೆಟ್ಟುಗಳನ್ನು ಜೋಡಿಸಿಟ್ಟಿದ್ದ. ಜೆಟ್ಟಿನ ನಡುವಿನ ಸೂಜಿಮೊನೆಯಷ್ಟು ತೂತು ಎಷ್ಟು ಅಗಲವೋ ಅಷ್ಟು ಗ್ಯಾಸು ಹರಿಯುತ್ತದೆ.

“ಎರಡು ಜಾತಿ ಅಕ್ಕಾ,” ಎಂದ ಬುಸ್ಸಣ್ಣ. ಐದು ನಿಮಿಷದ ಪರಿಚಯದಲ್ಲೇ ಅವಳು ಅವನಿಗೂ ಅಕ್ಕನಾಗಿದ್ದಳು. “ಒಂದು ಒಣ ಕಿಟ್ಟು. ಬರೀ ಗ್ಯಾಸ್ ಬಿಡುತ್ತೆ. ಹೆಚ್ಚಿನ ಪೆಟ್ರೋಲ್‌ನ ಕಾರಿನ ಕಂಪ್ಯೂಟರೇ ನೋಡ್ಕೊಬೇಕು. ಇನ್ನೊಂದು ಹಸಿ ಕಿಟ್ಟು. ಗ್ಯಾಸಿನ ಜೊತೆ ಪೆಟ್ರೋಲನ್ನೂ ಒಂದೇ ಮೂತಿಯಿಂದ ಚಿಮ್ಮಿಸುತ್ತೆ.”

“ಒಣದೇ ಸಾಕು. ಫಿಟ್ಟಿಂಗು ಸುಲಭ,” ಎಂದ ತಮ್ಮ.

“ಕಂಪ್ಯೂಟರ್ ಪೆಟ್ರೋಲ್ ಕೊಡದೇ ಹೋದ್ರೆ?” ಎಂದಳು ಅಕ್ಕ.

“ಆಗ ಪಿಸ್ಟನ್ ಬೆಣ್ಣೆ ಥರ ಕರಗುತ್ತೆ,” ಎಂದ ಬುಸ್ಸಣ್ಣ, ಬೆಣ್ಣೆಯನ್ನೇ ಮಾರುತ್ತಿರುವವನ ಸಂತೋಷದಿಂದ.

ಅಕ್ಕನಿಗೆ ಒಮ್ಮೆಗೇ ದಾರಿ ಕಂಡಂತಾಯಿತು. ಅವಳ ಯಂತ್ರಗಳಲ್ಲಿ ಒಂದು ಕಟ್ಟುನಿಟ್ಟಾದ ಏರ್ಪಾಡಿದೆ. ಆಮ್ಲಜನಕದ ಒತ್ತಡ ಬಿದ್ದ ತಕ್ಷಣ ನೈಟ್ರಸ್ ತಾನಾಗಿಯೇ ನಿಂತುಹೋಗಬೇಕು. ಆ ಗ್ಯಾಸು ಒಂಟಿಯಾಗಿ ರೋಗಿಯ ಬಳಿಗೆ ಹೋಗುವಂತಿಲ್ಲ. ಪ್ರತಿ ಬೆಳಗ್ಗೆ ಆಮ್ಲಜನಕದ ಕೊಳವೆಯನ್ನು ಬೇಕೆಂದೇ ಮುಚ್ಚಿ, ನೈಟ್ರಸ್ ನಿಂತಿತೋ ಇಲ್ಲವೋ ಎಂದು ನೋಡುವುದು ಅವಳ ಮೊದಲ ಕೆಲಸ. ಇಲ್ಲಿಯೂ ಅಷ್ಟೇ, ಆಮ್ಲಜನಕದ ಜಾಗದಲ್ಲಿ ಪೆಟ್ರೋಲು.

“ಪೆಟ್ರೋಲಿನ ಒತ್ತಡ ಇಳಿದ್ರೆ ಗ್ಯಾಸ್ ನಿಲ್ಲಿಸೋ ಸ್ವಿಚ್ಚು ಇದೆಯಾ?”

ಬುಸ್ಸಣ್ಣ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಇದೆ ಅಕ್ಕಾ. ಯಾರೂ ಕೇಳಲ್ಲ. ನೀವು ಕೇಳಿದ್ರಿ.”

ಅಲ್ಲಿಂದ ಮುಂದೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಸಿ ಕಿಟ್ಟನ್ನೇ ಆರಿಸಿದಳು. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಮಾತ್ರ ಗುಂಡಿ ಕೆಲಸ ಮಾಡುವಂತೆ ಇನ್ನೊಂದು ಸ್ವಿಚ್ಚು ಹಾಕಿಸಿದಳು. ಜೆಟ್ಟುಗಳಲ್ಲಿ ಅತಿ ಚಿಕ್ಕ ಜೋಡಿಯನ್ನು ತೆಗೆದುಕೊಂಡಳು. ತಮ್ಮ ಮುಖ ಸಿಂಡರಿಸಿದಾಗ, “ಪೇಂಟರ್‌ನ ಒಂದು ಮೂಗಿನಷ್ಟು ಹಿಂದೆ ಹಾಕೋಕೆ ಎಷ್ಟು ಬೇಕೋ ಅಷ್ಟು ಸಾಕು, ಅವನ ಇಡೀ ಮುಖ ಬೇಡ,” ಎಂದಳು. ಕಾರಿನ ಇಂಜಿನ್ನು ಅವಳ ಕಣ್ಣಿಗೆ ಮೇಜಿನ ಮೇಲೆ ಮಲಗಿದ ರೋಗಿಯಾಗಿತ್ತು. ಅದಕ್ಕೆ ಯಾವ ದಾರಿಯಿಂದ ಕೇಡು ಬರಬಹುದೋ ಆ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತಾ ಹೋದಳು. ಭಯವನ್ನು ಹೀಗೆ ಕೆಲಸವಾಗಿ ಮಾರ್ಪಡಿಸಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು.

ಬಾಟಲಿಯನ್ನು ಹಿಂದಿನ ಸೀಟಿನ ಬೆನ್ನಿಗೆ, ಸಾಮಾನಿಡುವ ಜಾಗದಲ್ಲಿ ಪಟ್ಟಿ ಬಿಗಿದು ಕೂರಿಸಿದರು. ಅದರ ಕತ್ತಿನಲ್ಲಿ ಒಂದು ನಟ್ಟು, ನಟ್ಟಿನೊಳಗೆ ತೆಳು ತಗಡಿನ ಬಿಲ್ಲೆ. ಒತ್ತಡ ಮಿತಿ ಮೀರಿದರೆ ಬಾಟಲಿ ಸಿಡಿಯುವ ಬದಲು ಆ ಬಿಲ್ಲೆ ಹರಿದು ಗ್ಯಾಸು ಹೊರಗೆ ಹೋಗುತ್ತದೆ.

“ಅದಕ್ಕೊಂದು ಪೈಪು ಬರುತ್ತೆ,” ಎಂದ ಬುಸ್ಸಣ್ಣ. “ತಳಕ್ಕೊಂದು ತೂತು ಕೊರೆದು ಪೈಪನ್ನ ಕಾರಿನ ಹೊರಗೆ ಬಿಡಬೇಕು.”

“ನನ್ನ ಕಾರಿಗೆ ತೂತಾ? ತುಕ್ಕು ಹಿಡಿಯುತ್ತೆ!”

“ಆಮೇಲೆ ಬೇಕಾದ್ರೂ ಹಾಕೋಣ ಬಿಡಿ.”

ಅಕ್ಕನ ತಲೆ ಆಗ ಬಾನೆಟ್ಟಿನೊಳಗಿತ್ತು. ಪೆಟ್ರೋಲಿನ ಕೊಳವೆಯನ್ನು ಮುಚ್ಚಿ, ಪರೀಕ್ಷೆಗೆಂದು ಹಾಕಿದ್ದ ಚೂರು ಗ್ಯಾಸು ನಿಲ್ಲುತ್ತದೆಯೇ ಎಂದು ಅವಳು ಪರೀಕ್ಷಿಸುತ್ತಿದ್ದಳು. ನಿಂತಿತು. ಮತ್ತೊಮ್ಮೆ ನೋಡಿದಳು. ಮತ್ತೆ ನಿಂತಿತು. ಪೈಪಿನ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ರೋಗಿ ಬಿಟ್ಟ ಗ್ಯಾಸನ್ನು ಗೋಡೆಯೊಳಗಿನ ಕೊಳವೆಯೊಂದು ಹಗಲಿರುಳು ಹೀರಿ ಹೊರಗೆ ಹಾಕುತ್ತಿರುತ್ತದೆ. ಅದು ಇದ್ದೇ ಇರುತ್ತದೆ. ಕೋಣೆಯ ಗಾಳಿಯ ಬಗ್ಗೆ ಯೋಚಿಸುವ ಪ್ರಸಂಗ ಅವಳಿಗೆ ಇಷ್ಟು ವರ್ಷಗಳಲ್ಲಿ ಬಂದಿರಲೇ ಇಲ್ಲ.

ಕೊನೆಗೆ ಗ್ಯಾಸು ತುಂಬಿಸುವ ಹೊತ್ತು. ಗೋಡೆಗೊರಗಿ ಎರಡು ದೊಡ್ಡ ಸಿಲಿಂಡರುಗಳು ನಿಂತಿದ್ದವು.

“ಇದು ಗಾಡಿಗೆ ಅಂತ ಬರೋದು. ಗಂಧಕ ಸುಟ್ಟ ನಾತ ಬೆರೆಸಿರ್ತಾರೆ. ಮೂಗಿಗೆ ಹೋದ್ರೆ ಸಾಕು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು,” ಎಂದು ಬುಸ್ಸಣ್ಣ ಒಂದನ್ನು ತಟ್ಟಿದ. “ಅದು ಬೇಕರಿಯವರು ಕ್ರೀಮ್ ಉಬ್ಬಿಸೋಕೆ ಒಯ್ಯೋದು. ಅಪ್ಪಟ. ಯಾವುದು ಹಾಕ್ಲಿ?”

“ಅಪ್ಪಟಾನೇ ಹಾಕಿ,” ಎಂದಳು ಅಕ್ಕ, ಯೋಚಿಸುವ ಗೊಡವೆಗೇ ಹೋಗದೆ. ಕಲಬೆರಕೆಯ ಅನಿಲವನ್ನು ಅವಳು ತನ್ನ ಥಿಯೇಟರಿನ ಬಾಗಿಲ ಹತ್ತಿರವೂ ಬಿಟ್ಟುಕೊಂಡವಳಲ್ಲ. “ಗಂಧಕ ಬೆರೆಸಿದ್ದು ಬೇಡ. ಒಳಗೆಲ್ಲ ಕೊರೆಯುತ್ತೆ.”

“ನೋಡಿ, ಓದಿದವರು ಅಂದ್ರೆ ಹೀಗಿರಬೇಕು!”

ಬಾಟಲಿಯನ್ನು ಪಟ್ಟಿಯಿಂದ ಬಿಚ್ಚಿ ತಕ್ಕಡಿಯ ಮೇಲಿಟ್ಟು ತುಂಬಿಸಿದ. ಮುಳ್ಳು ಗುರುತಿಗೆ ಬಂತು. ಬುಸ್ಸಣ್ಣ ತಿರುಪನ್ನು ಮುಚ್ಚಲಿಲ್ಲ. ಗುರುತಿನಿಂದಾಚೆಗೂ ಮುಳ್ಳು ಜರುಗಿತು.

“ಸಾಕು ಸಾಕು,” ಎಂದಳು ಅಕ್ಕ.

“ಅರ್ಧ ಕಿಲೋ ಕೊಸರು ಅಕ್ಕಾ! ಮೊದಲ ಸಲ ಬಂದಿದೀರ. ಕೊಸರು ಬೇಡ ಅಂದವರನ್ನ ನಾನಿನ್ನೂ ನೋಡಿಲ್ಲ.”

ತಮ್ಮನ ಮುಖ ಅರಳಿತು. ತರಕಾರಿಯವಳು ಹಿಡಿ ಸೊಪ್ಪನ್ನು ಮೇಲೆ ಹಾಕಿದರೆ ಯಾರಾದರೂ ವಾಪಸು ಕೊಡುತ್ತಾರೆಯೇ? ಅಕ್ಕನ ಒಳಗೆಲ್ಲೋ ಒಂದು ಎಳೆ ಮಿಡಿಯಿತು. ಆಸ್ಪತ್ರೆಯಲ್ಲಾದರೆ ಇಂಥ ಸಿಲಿಂಡರನ್ನು ಬಾಗಿಲಲ್ಲೇ ಹಿಂದೆ ಕಳಿಸುತ್ತಿದ್ದರು. ಆದರೆ ಅಷ್ಟೊಂದು ಅಭಿಮಾನದಿಂದ ಕೊಟ್ಟದ್ದು. ತುಂಬಿದ ಬಾಟಲಿಯನ್ನು ಹಾಗೆಯೇ ಮತ್ತೆ ಪಟ್ಟಿಗೆ ಬಿಗಿಸಿದಳು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ತಮ್ಮನನ್ನು ಏನೂ ಕೇಳಲಿಲ್ಲ. “ನೀನು ನೋಡಿದೀಯಾ?” ಎಂದು ಮಗಳನ್ನು ಕೇಳಿದಳು.

“ನೋಡಿದೀನಮ್ಮ.”

“ಎಲ್ಲಾನೂ?”

“ಎಲ್ಲಾನೂ.”

“ಹಾಗಾದ್ರೆ ಸರಿ,” ಎಂದು ಅಮ್ಮ ಒಳಗೆ ಹೋದಳು.

ಮುಂದಿನ ವಾರ ಬಿಸಿಲು ಕೆಂಡ ಕಾರುತ್ತಿತ್ತು. ಅಮ್ಮನಿಗೆ ಮಂಡಿನೋವು. ಪೇಟೆಯಲ್ಲಿ ಒಬ್ಬಾಕೆ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಅವತ್ತು ಬೆಳಗ್ಗೆ ತಮ್ಮ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದ. ನೆರಳಿನಲ್ಲಿ ಜಾಗ ಸಿಗದೆ ಕಾರನ್ನು ಬಯಲಲ್ಲೇ ನಿಲ್ಲಿಸಿದ. ವ್ಯಾಯಾಮ ಮುಗಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಒಳಗೆ ಕೂತಾಗ ಸೀಟು ಕಾದ ಕಾವಲಿಯಂತಿತ್ತು. ತಮ್ಮ ಕಿಟಕಿಗಳನ್ನೆಲ್ಲ ಏರಿಸಿ, ಹೊರಗಿನ ಗಾಳಿ ಒಳಗೆ ಬಾರದಂತೆ ಗುಂಡಿ ಒತ್ತಿ, ಏಸಿಯನ್ನು ಪೂರ್ತಿ ತಿರುಗಿಸಿದ. ಇದೆಲ್ಲ ಅಕ್ಕನಿಗೆ ಆಮೇಲೆ ತಿಳಿದದ್ದು.

ಅವಳು ಆಗ ಥಿಯೇಟರಿನ ಹೊರಗಿನ ಉದ್ದನೆಯ ಓಣಿಯಲ್ಲಿ, ಒಂದು ಆಪರೇಷನ್ನು ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ, ಗೋಡೆಗೊರಗಿ ಚಹಾ ಕುಡಿಯುತ್ತಿದ್ದಳು. ಫೋನು ಮಿಣುಕಿತು. ತಮ್ಮ.

“ಅಕ್ಕಾ, ಕೇಳಿಲ್ಲಿ! ಅಮ್ಮ ನಗ್ತಿದಾಳೆ!”

ಹಿಂದಿನಿಂದ ಅಮ್ಮನ ನಗು ಕೇಳಿತು. ಚಿಕ್ಕ ಹುಡುಗಿಯರು ಮೂಲೆಯಲ್ಲಿ ಕೂತು ನಗುವಂಥ, ನಿಲ್ಲಿಸಲಾಗದ ನಗು.

“ಏನಂತೆ?” ಎಂದು ಅಕ್ಕನೂ ನಕ್ಕಳು.

“ಜೋರಾಗಿ ಬಿಡು ಅಂತಿದಾಳೆ ಕಣೇ! ಅಮ್ಮ! ನಾನು ಈಗ ಆ ಕೆಂಪು ಕಾರನ್ನ ಹಿಂದೆ ಹಾಕಿದ್ನಲ್ಲ, ಅದಕ್ಕೆ ಚಪ್ಪಾಳೆ ತಟ್ಟಿದ್ಲು. ಚಪ್ಪಾಳೆ... ಚಪ್ಪಾಳೆ ಕಣೇ.”

“ಬಿಡೋ, ಇನ್ನೂ ಜೋರಾಗಿ ಬಿಡೋ!” ಎಂದಳು ಅಮ್ಮ. “ಮಗಳೇ, ಆ ವ್ಯಾಯಾಮದವಳ ಕೈಯಲ್ಲಿ ಏನೋ ಇದೆ ಕಣೆ. ಮಂಡಿನೋವೇ ಇಲ್ಲ. ಕಾಲೇ ಇಲ್ಲವೇನೋ ಅನ್ನೋ ಹಾಗಿದೆ!”

ಮತ್ತೆ ನಗು.

ಅಕ್ಕನ ಕೈಯಲ್ಲಿದ್ದ ಲೋಟ ಓರೆಯಾಗಿ ಚಹಾ ಬೆರಳ ಮೇಲೆ ಹರಿಯಿತು. ಬಿಸಿ ಅವಳಿಗೆ ತಿಳಿಯಲಿಲ್ಲ. ತಮ್ಮನ ಮಾತು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಅಮ್ಮನ ನೋವು ಹೋಗಿತ್ತು. ಅದಕ್ಕೂ ಮೊದಲು ಹೋಗುವುದು ಏನು ಎಂದು ಅವಳಿಗೆ ಗೊತ್ತಿತ್ತು.

ಕೊಸರು. ಬಿಸಿಲು. ಮೂವತ್ತಾರು ಡಿಗ್ರಿ ದಾಟಿದರೆ ಆ ದ್ರವ ದ್ರವವಾಗಿ ಉಳಿಯುವುದಿಲ್ಲ. ಹಿಗ್ಗಲು ಜಾಗವಿಲ್ಲದ ಬಾಟಲಿಯಲ್ಲಿ ಒತ್ತಡ ಏಣಿ ಹತ್ತಿದ ಹಾಗೆ ಏರುತ್ತದೆ. ಬಿಲ್ಲೆ ಹರಿಯದಿದ್ದರೂ ನಟ್ಟಿನ ಸಂದಿಯಿಂದ ಸೋರುತ್ತದೆ. ಆ ಸಂದಿ ಇರುವುದು ಅಮ್ಮನ ತಲೆಯ ಹಿಂದೆ, ಒಂದು ಮೊಳದ ದೂರದಲ್ಲಿ.

“ಕಾರು ನಿಲ್ಸು,” ಎಂದಳು. “ಗ್ಯಾಸ್ ಸೋರ್ತಿದೆ. ಈಗಲೇ ನಿಲ್ಸು.”

“ಎಲ್ಲಿ ನಿಲ್ಲಿಸ್ಲೇ, ಮೇಲ್ಸೇತುವೆ ಮೇಲಿದೀವಿ.” ಅವನು ಕಿಸಕ್ಕನೆ ನಕ್ಕ. “ಬಾಟ್ಲು ಬಿಗಿಯಾಗಿ ಮುಚ್ಚಿದೆ. ನಾನೇ ಮುಚ್ಚಿದೀನಿ. ಸೋರಿದ್ರೆ ವಾಸನೆ ಬರಲ್ವಾ? ವಾಸನೇನೇ ಇಲ್ಲ.”

ವಾಸನೆಯೇ ಇಲ್ಲ. ಅಕ್ಕ ಬೆನ್ನನ್ನು ಗೋಡೆಗೆ ಒತ್ತಿಕೊಂಡಳು. ಗಂಧಕ ಬೆರೆಸಿದ್ದು ಬೇಡ, ಅಪ್ಪಟಾನೇ ಹಾಕಿ. ಆ ನಾತ ಇದ್ದಿದ್ದರೆ ಇಬ್ಬರೂ ಇಷ್ಟು ಹೊತ್ತಿಗೆ ಕೆಮ್ಮುತ್ತಾ, ಬೈಯುತ್ತಾ, ರಸ್ತೆಯ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿರುತ್ತಿದ್ದರು. ಕಾವಲುಗಾರನನ್ನು ಅವಳೇ ಬಾಗಿಲಿನಿಂದ ಓಡಿಸಿದ್ದಳು.

“ಕಿಟಕಿ ತೆಗಿ. ನಾಲ್ಕೂ ತೆಗಿ.”

“ಸೆಖೆ ಕಣೇ ಹೊರಗೆ. ಧೂಳು. ನಿನಗೆ ಬರೀ ಭಯ, ನೀನೂ ಅಮ್ಮನ ಥರಾನೇ ಆಗ್ತಿದೀಯ. ಈಗ ಅಮ್ಮಾನೂ ಹೆದರಲ್ಲ, ನೀನೊಬ್ಬಳೇ.” ಅವನಿಗೆ ಅದು ಬಹಳ ನಗೆಯ ಮಾತಾಗಿ ಕಂಡಿರಬೇಕು, ನಗುತ್ತಲೇ ಇದ್ದ. “ಇಡ್ತೀನಿ ಫೋನು. ಸೇತುವೆ ಇಳಿದ ಮೇಲೆ ಬಾಟ್ಲಿನ ತಿರುಪು ತೆಗೆದು ಅಮ್ಮಂಗೆ ಒಂದ್ಸಲ ಗುಂಡಿ ಒತ್ತಿ ತೋರಿಸ್ತೀನಿ.”

“ಇಡಬೇಡ!”

ಅವಳ ಕೂಗಿಗೆ ಓಣಿಯ ತುದಿಯಲ್ಲಿ ಒಬ್ಬ ನರ್ಸು ತಿರುಗಿ ನೋಡಿದಳು. ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹೆದರಿಸಿ ಪ್ರಯೋಜನವಿರಲಿಲ್ಲ. ಹೆದರುವ ಜಾಗ ಅವನ ತಲೆಯಲ್ಲಿ ಈಗ ಖಾಲಿಯಾಗಿತ್ತು. ಅಲ್ಲಿಗೆ ಎಷ್ಟು ಬಡಿದರೂ ಬಾಗಿಲು ತೆರೆಯುವವರಿರಲಿಲ್ಲ. ಹಾಗಾದರೆ ಅವನಲ್ಲಿ ಇನ್ನೂ ಎಚ್ಚರವಾಗಿರುವುದು ಯಾವುದು? ನಶೆಯಲ್ಲಿಯೂ ಕೊನೆಯವರೆಗೆ ಉಳಿಯುವುದು?

ಅವಳು ಒಂದು ಉಸಿರೆಳೆದುಕೊಂಡು, ಸೋಮಾರಿತನದ ದನಿಯಲ್ಲಿ ಹೇಳಿದಳು: “ಹೋಗ್ಲಿ ಬಿಡು. ನಿನ್ನ ಇಂಜಿನ್ ಒಂದು ಸಿಲಿಂಡರ್ ಮಿಸ್ ಹೊಡೀತಿದೆ. ಅದನ್ನ ನೋಡ್ಕೋ ಮೊದಲು.”

ನಗು ನಿಂತಿತು. “ಏನಂದೆ?”

“ಫೋನಲ್ಲೇ ಕೇಳಿಸ್ತಿದೆ. ಟಕ್ ಟಕ್ ಅಂತಿದೆ. ಭಾನುವಾರ ಪೇಂಟರ್ ಹೊಟ್ಟೆ ಹಿಡ್ಕೊಂಡು ನಗ್ತಾನೆ.”

“ನನ್ನ ಇಂಜಿನ್ನಾ? ಗಡಿಯಾರ ಕಣೇ ಅದು! ನಿನ್ನ ಕಿವಿ ಮಿಸ್ ಹೊಡೀತಿದೆ.”

“ಹಾಗಾದ್ರೆ ಕೇಳಿಸು ನೋಡೋಣ. ಗಾಜು ಏರಿಸ್ಕೊಂಡು ಕೂತ್ರೆ ನನಗೆ ಇಂಜಿನ್ ಹೇಗೆ ಕೇಳಿಸುತ್ತೆ? ನಾಲ್ಕೂ ಇಳಿಸು. ಹಿಂದಿನವೂ. ಫೋನ್ ಅಲ್ಲೇ ಇರ್ಲಿ, ಎರಡೂ ಕೈ ಸ್ಟೀರಿಂಗ್ ಮೇಲೆ.”

“ಕೇಳು, ಚೆನ್ನಾಗಿ ಕೇಳು!” ಎಂದು ಅವನು ಸಿಟ್ಟಿನಿಂದ ಹೇಳಿದ. ಆ ಸಿಟ್ಟು ಅವಳಿಗೆ ವರವಾಗಿ ಕೇಳಿಸಿತು.

ಗಾಜುಗಳು ಇಳಿಯುವ ಗುಂಯ್‌ಗುಡುವಿಕೆ. ಒಂದು. ಇನ್ನೊಂದು. ಆಮೇಲೆ ಗಾಳಿ ಒಮ್ಮೆಗೇ ನುಗ್ಗಿ ಫೋನಿನಲ್ಲಿ ಬೇರೆ ಏನೂ ಕೇಳದಂತಾಯಿತು. ಅಕ್ಕ ಕಣ್ಣು ಮುಚ್ಚಿ ಆ ಮೊರೆತವನ್ನು ಕೇಳುತ್ತಾ ನಿಂತಳು. ಇಷ್ಟು ಗಾಳಿ ಸಾಕೇ? ವೇಗವಾಗಿ ಹೋಗುತ್ತಿದ್ದಾನೆ, ಸಾಕು. ಅಷ್ಟು ವೇಗದಲ್ಲಿ ಅವನ ಕೈ ಒಂದಿಷ್ಟು ವಾಲಿದರೆ? ಸೇತುವೆಯ ತಡೆಗೋಡೆ ಮೊಣಕಾಲಿನೆತ್ತರಕ್ಕಿಂತ ಹೆಚ್ಚಿಲ್ಲ.

“ಸ್ವಲ್ಪ ನಿಧಾನ ಮಾಡು,” ಎಂದಳು. “ನಿಧಾನದಲ್ಲೇ ಮಿಸ್ ಆಗೋದು ಗೊತ್ತಾಗೋದು. ಎಡಗಡೆ ಸಾಲಿಗೆ ಬಾ. ಹೂಂ. ಈಗ ಹೇಳು, ಎಷ್ಟನೇ ಗೇರಲ್ಲಿದೀಯ?”

“ಮೂರು.”

“ಬಿಸಿಯ ಮುಳ್ಳು ಎಲ್ಲಿದೆ?”

“ನಡುವೆ ಇದೆ. ಯಾಕೆ ಹೀಗೆಲ್ಲ ಕೇಳ್ತಿದೀಯ?”

ಮಾತು ನಿಧಾನವಾಗಿ ನೆಟ್ಟಗಾಗುತ್ತಿತ್ತು. ಆಗ ಅಕ್ಕನಿಗೆ ಹೊಳೆಯಿತು. ಅಮ್ಮನ ನಗು ಕೇಳಿಸುತ್ತಿಲ್ಲ.

“ಅಮ್ಮ ಏನು ಮಾಡ್ತಿದಾಳೆ?”

“ಮಲಗಿದಾಳೆ ಅನ್ಸುತ್ತೆ. ತಲೆ ಬಾಗಿಲಿಗೆ ಒರಗಿಸಿದಾಳೆ.”

ಓಣಿಯ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಬೆಳಗಿದಂತೆ ಅವಳಿಗೆ ಕಂಡಿತು. ಬಾಟಲಿ ಇರುವುದು ಅಮ್ಮನ ಹಿಂದೆ. ಹೆಚ್ಚು ಕುಡಿದವಳು ಅಮ್ಮ. ನಿದ್ದೆಯೋ, ಗ್ಯಾಸಿನ ಮಂಪರೋ? ಬಾಯಿ ತೆರೆದಿದೆಯೋ, ಕತ್ತು ಮುಂದಕ್ಕೆ ಬಾಗಿ ಉಸಿರಿನ ದಾರಿ ಮುಚ್ಚಿದೆಯೋ, ತುಟಿಯ ಬಣ್ಣ ಏನಿದೆಯೋ? ಇದನ್ನೆಲ್ಲ ನೋಡಲು ಅವಳಿಗೆ ದಿನವೂ ಸಂಬಳ ಕೊಡುತ್ತಾರೆ. ಈಗ ನೋಡಲು ಕಣ್ಣೇ ಇರಲಿಲ್ಲ, ಕಿವಿಯೊಂದೇ.

“ಫೋನಿನ ದನಿ ಜೋರು ಮಾಡು. ಪೂರ್ತಿ.”

ಮಾಡಿದ. ಅವಳು ತಾನು ಎಷ್ಟೋ ಸಾವಿರ ಸಲ ಆಡಿದ ಮಾತನ್ನು, ಅದೇ ದನಿಯಲ್ಲಿ, ಸ್ಪಷ್ಟವಾಗಿ, ಎಳೆಎಳೆಯಾಗಿ ಆಡಿದಳು. “ಅಮ್ಮಾ. ಕಣ್ಣು ಬಿಡಿ. ಆಯ್ತು, ಎಲ್ಲ ಮುಗೀತು. ಕಣ್ಣು ಬಿಟ್ಟು ನನ್ನ ಕಡೆ ನೋಡಿ. ಉಸಿರು ಎಳ್ಕೊಳ್ಳಿ. ದೊಡ್ಡದಾಗಿ. ಇನ್ನೊಂದು.”

“ಅಮ್ಮಂಗೆ ನೀವು ಅಂತಿದೀಯಲ್ಲೇ,” ಎಂದ ತಮ್ಮ. ಈ ಸಲ ಅವನು ನಗಲಿಲ್ಲ.

“ಕಣ್ಣು ಬಿಡಿ ಅಮ್ಮಾ. ಉಸಿರು ಎಳ್ಕೊಳ್ಳಿ.”

ಗಾಳಿಯ ಮೊರೆತ. ಎಲ್ಲೋ ಒಂದು ಬಸ್ಸಿನ ಹಾರನ್ನು. ಅವಳು ಮತ್ತೆ ಹೇಳಿದಳು. ಮತ್ತೆ. ದನಿ ಏರಬಾರದು, ಏರಿದರೆ ರೋಗಿ ಗಾಬರಿಯಾಗುತ್ತಾನೆ ಎಂದು ಹೊಸಬರಿಗೆ ಕಲಿಸಿದವಳು ಅವಳೇ. ದನಿ ಏರಲಿಲ್ಲ.

“ಅಕ್ಕಾ,” ಎಂದ ತಮ್ಮ. ದನಿ ಸಣ್ಣದಾಗಿತ್ತು, ಬಾಲ್ಯದಲ್ಲಿ ಕರೆಂಟು ಹೋದಾಗ ಕರೆಯುತ್ತಿದ್ದ ದನಿ. “ಸೇತುವೆ ಇಳಿದೆ. ಏಸಿ ಆಫ್ ಮಾಡಿದೆ. ಹಿಂದೆ ಏನೋ ಸುಯ್ಯ್ ಅಂತಿದೆ. ಅಕ್ಕಾ, ಸೋರ್ತಿದೆ ಕಣೇ. ನನಗೆ ಕೈಕಾಲು ನಡುಗ್ತಿದೆ.”

“ನಡುಗ್ಲಿ. ಒಳ್ಳೇದು. ಪಕ್ಕಕ್ಕೆ ಹಾಕು. ಇಂಜಿನ್ ಆಫ್ ಮಾಡು. ಬಾಟ್ಲಿನ ಹತ್ತಿರ ಹೋಗಬೇಡ, ಮುಟ್ಟಬೇಡ. ಎಲ್ಲ ಬಾಗಿಲು ತೆಗೆದು ಅಮ್ಮನ್ನ ಹೊರಗೆ ಎಳ್ಕೋ. ಗದ್ದ ಮೇಲಕ್ಕೆತ್ತಿ ಹಿಡಿ.”

ಬಾಗಿಲುಗಳ ಶಬ್ದ. ಚಪ್ಪಲಿ ಜಲ್ಲಿಯ ಮೇಲೆ ಎಳೆದಾಡುವ ಶಬ್ದ. ತಮ್ಮನ ಏದುಸಿರು, ‘ಅಮ್ಮಾ, ಏಯ್ ಅಮ್ಮಾ’ ಎನ್ನುವುದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಅಕ್ಕನಿಗೆ ಬಾಗಿಲಲ್ಲಿ ನಿಂತ ಅಮ್ಮ ಕಂಡಳು. ಎಲ್ಲಾನೂ ನೋಡಿದೀಯಾ? ಎಲ್ಲಾನೂ ನೋಡಿದೀನಿ.

ಥಿಯೇಟರಿನ ಬಾಗಿಲು ತೆರೆದು ಡಾಕ್ಟರಮ್ಮ ತಲೆ ಹೊರಹಾಕಿದರು. “ಬಾರಮ್ಮ, ಪೇಷೆಂಟ್ ಬಂದಿದಾರೆ. ತುಂಬಾ ಹೆದರ್ಕೊಂಡಿದಾರೆ, ನಿನ್ನ ಕೈ ಬೇಕಂತೆ.”

ಅಕ್ಕ ಕೈಯೆತ್ತಿ ತಡೆದಳು.

ಫೋನಿನಲ್ಲಿ ಒಂದು ಕೆಮ್ಮು. ಗಂಟಲು ಸರಿಪಡಿಸಿಕೊಂಡ ಸದ್ದು. ತೊದಲುವ, ನಿದ್ದೆಗಣ್ಣಿನ ದನಿ: “ಎಲ್ಲಿದೀವೋ ಇದು? ರಸ್ತೇಲಿ ಯಾಕೋ ಕೂರಿಸಿದೀಯ ನನ್ನ?” ಮತ್ತೊಂದು ಉಸಿರು. ಆಮೇಲೆ ಆ ದನಿಯೊಳಗೆ ಹಳೆಯ ಬಿಗಿ ಒಂದೊಂದೇ ಎಳೆಯಾಗಿ ವಾಪಸು ಬಂತು. “ಲೋ. ಲೋ, ಈಚೆ ಬಾರೋ! ಲಾರಿ ಬರ್ತಿದೆ!”

ಗಾರೆಯ ಗೋಡೆಯ ಉದ್ದಕ್ಕೂ ಬೆನ್ನು ಜಾರಿ ಅಕ್ಕ ನೆಲದ ಮೇಲೆ ಕುಳಿತಳು.

“ಏನಾಯ್ತೇ?” ಎಂದು ಡಾಕ್ಟರಮ್ಮ ಓಡಿಬಂದರು. “ಪೇಷೆಂಟ್ ಅಲ್ಲಿ ಹೆದರಿ ನಡುಗ್ತಿದಾರೆ, ನೀನು ನೋಡಿದ್ರೆ...”

“ಇನ್ನೊಂದು ಸ್ವಲ್ಪ ಹೊತ್ತು ಹೆದರ್ಲಿ ಡಾಕ್ಟ್ರೇ,” ಎಂದಳು ಅಕ್ಕ. ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅತ್ತ ಅಮ್ಮ, ಬಾಗಿಲು ಯಾಕೆ ಹಾರು ಹೊಡೆದಿದ್ದೀಯ, ಯಾರಾದರೂ ಬ್ಯಾಗು ಎತ್ತಿಕೊಂಡು ಹೋದರೆ, ಈ ಮರದ ಕೊಂಬೆ ಮುರಿದು ತಲೆ ಮೇಲೆ ಬಿದ್ದರೆ, ಬಿಸಿಲಲ್ಲಿ ನನ್ನ ಬಿಪಿ ಏರಿದರೆ ಎಂದು ಒಂದೊಂದಾಗಿ ಹೇಳುತ್ತಿದ್ದಳು. ಅಕ್ಕ ಒಂದನ್ನೂ ಬಿಡದೆ ಕೇಳಿಸಿಕೊಂಡಳು.